ಹೇಳಿದರೆ ನಿಲ್ಲಿಸುತ್ತಾರೆ

ಕಾರು ಕಲಿಸುವ ಅಣ್ಣನನ್ನು ಆ ಬಡಾವಣೆಯಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವನು ತಂಗಿಯ ಮನೆಯ ಮಹಡಿ ಕೋಣೆಗೆ ಬಂದು ಸೇರಿದ್ದ. ತಂಗಿ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಕೂರುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಅವಳ ಕಿವಿಗೆ ಬೀಳುತ್ತಿದ್ದುದು ಒಡೆದ ಪೈಪು, ಕೆಂಪು ನೀರು, ಬಾರದ ನೀರು. ಎಗರಾಡಿಕೊಂಡು ಬಂದವರನ್ನು ತಣ್ಣಗೆ ಮಾಡಿ ಕಳಿಸುವುದರಲ್ಲಿ ಅವಳದು ಪಳಗಿದ ಕೈ. ಆದರೆ ಬಾಯಿಬಿಟ್ಟು ಏನನ್ನೂ ಹೇಳದ ಮನುಷ್ಯನನ್ನು ಏನು ಮಾಡಬೇಕೆಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಅಂಥವನೊಬ್ಬ ಅವಳ ಮನೆಯಲ್ಲೇ ಇದ್ದ.

ಎರಡು ವರ್ಷದ ಹಿಂದೆ ಅಣ್ಣನ ಒಂದು ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆದಿದ್ದರು. ಇನ್ನೇನು ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಾಣಿಸಿಕೊಂಡವು. ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಮ್ಮ ಇಮ್ಯುನೊಥೆರಪಿ ಶುರುಮಾಡೋಣ ಅಂದರು. ಕೆಲವು ವಾರಕ್ಕೊಮ್ಮೆ ಹೋಗಿ ಡೇ ಕೇರ್ ವಾರ್ಡಿನ ಒರಗು ಕುರ್ಚಿಯಲ್ಲಿ ಕೂತು, ಕೈಗೆ ಸೂಜಿ ಹಾಕಿಸಿಕೊಂಡು, ಬಾಟಲಿ ಖಾಲಿಯಾದ ಮೇಲೆ ಎದ್ದು ಬರಬೇಕು. ಅಷ್ಟೇ.

ಅಷ್ಟೇ ಅಲ್ಲ ಎಂದು ಮೊದಲ ದಿನವೇ ಅಲ್ಲಿನ ಹಿರಿಯ ನರ್ಸ್ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದರು.

“ನೋಡಿ, ಇದು ಕ್ಯಾನ್ಸರನ್ನ ನೇರವಾಗಿ ಸಾಯಿಸೋ ಔಷಧಿ ಅಲ್ಲ. ರೋಗದ ಜೊತೆ ಹೊಡೆದಾಡೋ ಶಕ್ತಿ ನಮ್ಮ ಮೈಯಲ್ಲೇ ಇರುತ್ತೆ. ಅದಕ್ಕೊಂದು ಬ್ರೇಕೂ ಇರುತ್ತೆ. ಕ್ಯಾನ್ಸರ್ ಆ ಬ್ರೇಕನ್ನ ಒತ್ತಿ ಹಿಡ್ಕೊಂಡು ತಪ್ಪಿಸ್ಕೊಳ್ಳುತ್ತೆ. ಈ ಔಷಧಿ ಬ್ರೇಕ್ ಬಿಡಿಸುತ್ತೆ.”

ಅಣ್ಣನ ಮುಖ ಅರಳಿತು. “ಇದು ನಂಗೆ ಅರ್ಥವಾಗೋ ಭಾಷೆ ಸಿಸ್ಟರ್.”

“ಪೂರ್ತಿ ಕೇಳಿ. ಬ್ರೇಕ್ ಬಿಟ್ಟ ಗಾಡಿ ಎಲ್ಲಿಗೆ ನುಗ್ಗುತ್ತೋ ಹೇಳಕ್ಕಾಗಲ್ಲ. ಕ್ಯಾನ್ಸರ್ ಜೊತೆಗೆ ನಿಮ್ಮ ಕರುಳನ್ನೋ, ಶ್ವಾಸಕೋಶವನ್ನೋ, ಲಿವರನ್ನೋ, ಥೈರಾಯ್ಡನ್ನೋ ಹಿಡ್ಕೋಬಹುದು. ಭೇದಿ, ಕೆಮ್ಮು, ಏದುಸಿರು, ಮೈಮೇಲೆ ದದ್ದು, ಕಣ್ಣು ಹಳದಿ, ಬಿಡದ ತಲೆನೋವು, ಏಳಕ್ಕಾಗದಷ್ಟು ಸುಸ್ತು, ಹೊಸದಾಗಿ ಏನೇ ಬಂದ್ರೂ ಅವತ್ತೇ ಫೋನ್ ಮಾಡಿ. ಸಣ್ಣದು ಅಂತ ಸುಮ್ನಿರಬೇಡಿ. ನೀವೇ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಬೇರೆ ಯಾವ ಡಾಕ್ಟರ ಹತ್ರ ಹೋದ್ರೂ ಮೊದ್ಲು ಈ ಔಷಧಿ ವಿಷಯ ಹೇಳಿ. ಔಷಧಿ ನಿಲ್ಲಿಸಿ ಎಷ್ಟೋ ತಿಂಗಳಾದ ಮೇಲೂ ತೊಂದ್ರೆ ಬರಬಹುದು, ಅದು ನೆನಪಿರಲಿ.”

ಜೊತೆಗೆ, ಬೇರೆ ಡಾಕ್ಟರಿಗೆ ತೋರಿಸಲೆಂದು ಔಷಧಿಯ ವಿವರವಿದ್ದ, ಪರ್ಸಿನಲ್ಲಿ ಇಟ್ಟುಕೊಳ್ಳುವಂಥ ಒಂದು ಸಣ್ಣ ಕಾರ್ಡನ್ನೂ ಕೊಟ್ಟರು. ಅಣ್ಣ ಒಂದೊಂದು ಮಾತಿಗೂ ತಲೆಯಾಡಿಸಿದ. ತಂಗಿ ಆ ತಲೆಯಾಡಿಕೆಯನ್ನು ನಂಬಿದಳು.

ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. ‘ಮೇಷ್ಟ್ರಿಗೆ ಕ್ಯಾನ್ಸರಾ? ಯಾರೋ ಆಗದವರು ಹಬ್ಬಿಸಿರಬೇಕು’ ಎಂದು ಬೀದಿಯವರು ಮಾತಾಡಿಕೊಂಡರು. ಅಣ್ಣ ಮತ್ತೆ ಪಾಠಕ್ಕೆ ಹೊರಟ. ಮೊದಲ ಸ್ಕ್ಯಾನಿನಲ್ಲಿ ಚುಕ್ಕೆಗಳು ಅರ್ಧಕ್ಕರ್ಧ ಕುಗ್ಗಿದ್ದವು. ಡಾಕ್ಟರಮ್ಮ ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದಾಗ ಅಣ್ಣ, “ಇನ್ನೊಂದ್ಸಲ ತೋರಿಸ್ತೀರಾ?” ಎಂದು ಕೇಳಿ ನೋಡಿದ. ಮನೆಗೆ ಬಂದವನೇ ಕಾರನ್ನು ತೊಳೆದು, ಒಳಗಿನ ಚಾಪೆಗಳನ್ನು ಬಡಿದು ಬಿಸಿಲಿಗೆ ಹಾಕಿದ. ತಂಗಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಊಟ ಸೇರಿತು.

ಅದಾದ ಕೆಲವು ದಿನಕ್ಕೆ ಅಣ್ಣ ವಿಚಿತ್ರವಾಗಿ ಆಡತೊಡಗಿದ. ತಿಂಡಿ ಬೇಡ, ಹೊರಗೆ ತಿಂತೀನಿ ಅನ್ನುವನು. ರಾತ್ರಿ ಊಟಕ್ಕೆ ಕರೆದರೆ, ಮಧ್ಯಾಹ್ನದ್ದೇ ಕರಗಿಲ್ಲ ಅನ್ನುವನು. ಹಾಲು ಬಿಟ್ಟ, ಕಾಫಿ ಬಿಟ್ಟ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದು ತಂಗಿಯ ಕಣ್ಣಿಗೆ ಬಿತ್ತು.

“ಏನಣ್ಣ, ಇಳಿದು ಹೋಗಿದೀಯಲ್ಲ?”

“ಈ ವಯಸ್ಸಲ್ಲಿ ಇಳೀಬೇಕು ಕಣೇ. ನಿನ್ನ ಹಾಗೆ ಏರ್ತಾ ಹೋಗ್ಬಾರ್ದು.”

“ತಮಾಷೆ ಸಾಕು. ಮೈ ಹುಷಾರಿದೆ ತಾನೇ?”

“ಸ್ಕ್ಯಾನ್ ನೋಡಿದ್ಯಲ್ಲ, ಇನ್ನೇನು ಬೇಕು?”

ಗಂಡನ ಹತ್ತಿರ ಹೇಳಿಕೊಂಡರೆ ಅವನು ಪೇಪರಿನಿಂದ ತಲೆಯೆತ್ತದೆ, “ಭಾವನೇನು ಚಿಕ್ಕ ಮಗುವಾ? ಬೇಕಾದ್ರೆ ಅವರೇ ಹೇಳ್ತಾರೆ ಬಿಡು” ಅಂದ. ಹೇಳುವವನಾಗಿದ್ದರೆ ಇಷ್ಟು ಗೋಳೇ ಇರುತ್ತಿರಲಿಲ್ಲವಲ್ಲ ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಡಿದಳು.

ಗುಟ್ಟು ಬಯಲಾದದ್ದು ಕಚೇರಿಯಲ್ಲಿ. ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸೊಬ್ಬಳು ಬಾಟಲಿಯಲ್ಲಿ ಕಂದು ನೀರು ತುಂಬಿಸಿಕೊಂಡು ಬಂದು ಕೌಂಟರಿನ ಮೇಲೆ ಕುಕ್ಕಿದಳು. ದೂರು ಬರೆಸಿ ಮುಗಿಸಿ, ತಂಗಿಯ ಮುಖವನ್ನೇ ದಿಟ್ಟಿಸಿ ನೋಡಿದಳು.

“ನೀವು ಮೇಷ್ಟ್ರ ತಂಗಿ ಅಲ್ವಾ? ಮೂಗು ಹಾಗೇ ಇದೆ. ನಾನು ಅವರ ಹತ್ರಾನೇ ಕಾರ್ ಕಲೀತಿರೋದು.”

“ಹೌದಾ? ಹೇಗೆ ಕಲಿಸ್ತಾರೆ?”

“ಕಲಿಸೋದು ಚೆನ್ನಾಗೇ ಕಲಿಸ್ತಾರೆ. ಆದ್ರೆ ಒಂದು ಮಾತು, ತಪ್ಪು ತಿಳ್ಕೋಬೇಡಿ. ಈಗೀಗ ನಮ್ಮ ಕ್ಲಾಸು ಅಂದ್ರೆ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದು ಪೆಟ್ರೋಲ್ ಬಂಕಿಗೆ. ಬಂಕ್ ಬಂತಾ, ನಿಲ್ಸು ಅಂತಾರೆ. ಇಳಿದು ಹಿಂದ್ಗಡೆ ಟಾಯ್ಲೆಟ್ಟಿಗೆ ಓಡ್ತಾರೆ. ಬರೋ ಹೊತ್ತಿಗೆ ಮುಖ ಬಿಳಿಚ್ಕೊಂಡಿರುತ್ತೆ. ಬಂಕಿಲ್ಲದ ರಸ್ತೆಗೆ ನನ್ನನ್ನ ಕರ್ಕೊಂಡೇ ಹೋಗಲ್ಲ. ಎಡಕ್ಕೆ ತಿರುಗಿಸಿ ಬಂಕಿಗೆ ನುಗ್ಗಿಸೋದನ್ನ ಮಾತ್ರ ನಾನು ನಿದ್ದೆಯಲ್ಲೂ ಮಾಡ್ತೀನಿ ನೋಡಿ. ಅವರಿಗೆ ಶುಗರ್ ಇದೆಯಾ?”

ತಂಗಿಗೆ ನಗುವೂ ಬಂತು, ಅದರ ಬೆನ್ನಿಗೇ ನರ್ಸ್ ಹೇಳಿದ್ದ ಮೊದಲ ಮಾತು ನೆನಪಾಯಿತು. ಊರಿನ ಸೋರಿಕೆಗಳೆಲ್ಲ ಬಂದು ಬೀಳುವುದು ತನ್ನ ಮೇಜಿನ ಮೇಲೆ. ಮನೆಯದನ್ನು ಮಾತ್ರ ಹೊರಗಿನವರು ಬಂದು ಹೇಳಬೇಕಾಯಿತು. ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿದಳು.

ಅಣ್ಣ ಮಹಡಿಯಲ್ಲಿ ಮುದುಡಿಕೊಂಡು ಮಲಗಿದ್ದ. ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿಗೆ ಅವಳು ನೇರ ಕೈ ಹಾಕಿದಳು. ಭೇದಿ ನಿಲ್ಲಿಸುವ ಮಾತ್ರೆಯ ಪಟ್ಟಿ ಸಿಕ್ಕಿತು. ಹೆಚ್ಚೂಕಡಿಮೆ ಖಾಲಿಯಾಗಿತ್ತು.

“ಇದೇನಣ್ಣ?”

“ಹೊರಗಿನ ಊಟ ಕಣೇ. ಹೊಟ್ಟೆ ಸ್ವಲ್ಪ ಕೆಟ್ಟಿದೆ.”

“ನೀನು ಹೊರಗೂ ತಿಂತಿಲ್ಲ, ಒಳಗೂ ತಿಂತಿಲ್ಲ. ಎಷ್ಟು ದಿನದಿಂದ?”

“ಎರಡು ದಿನ.”

“ನನ್ನ ಕಣ್ಣು ನೋಡ್ಕೊಂಡು ಹೇಳು.”

ಅವನು ಗೋಡೆಯ ಕಡೆ ತಿರುಗಿದ. ತಂಗಿಯ ಸಹನೆ ಕಿತ್ತುಹೋಯಿತು. “ನರ್ಸಮ್ಮ ಅಷ್ಟು ಹೊತ್ತು ಬಾಯಿ ನೋಯಿಸ್ಕೊಂಡಿದ್ದು ಯಾರಿಗೆ? ಆ ಗೋಡೆಗಾ? ಮೊದಲನೇದೇ ಭೇದಿ ಅಂದಿದ್ರು. ನೀನು ಕತ್ತು ಹೋಗೋ ಹಾಗೆ ತಲೆಯಾಡಿಸ್ದೆ!”

“ಕೂಗಬೇಡ. ಕೆಳಗೆ ಕೇಳುತ್ತೆ.”

“ಕೇಳ್ಲಿ! ಇಡೀ ಊರಿನ ಬಂಕುಗಳಿಗೆಲ್ಲ ಗೊತ್ತು, ನಂಗೊಬ್ಬಳಿಗೆ ಗೊತ್ತಿಲ್ಲ.”

ಅಣ್ಣ ಎದ್ದು ಕೂತ. “ಅಲ್ಲಿ ಪಕ್ಕದ ಕುರ್ಚಿಯಲ್ಲಿ ಕನ್ನಡಕದ ಅಂಗಡಿಯವರು ಒಬ್ರು ಕೂರ್ತಿದ್ರಲ್ಲ, ನೆನಪಿದೆಯಾ? ಅವರು ಹೊಟ್ಟೆ ಕೆಟ್ಟಿದೆ ಅಂತ ಬಾಯಿಬಿಟ್ರು. ತಕ್ಷಣ ಔಷಧಿ ನಿಲ್ಸಿಬಿಟ್ರು. ಮುಂದಿನ ಸಲ ಹೋದಾಗ ಆ ಕುರ್ಚಿ ಖಾಲಿ. ಅದರ ಮುಂದಿನ ಸಲಾನೂ ಖಾಲಿ. ಹೇಳಿದ್ರೆ ನಿಲ್ಲಿಸ್ತಾರೆ ಕಣೇ. ನಂಗೆ ಇದೊಂದು ಔಷಧಿ ಹಿಡಿದಿದೆ. ಚುಕ್ಕೆ ಕರಗ್ತಿದೆ. ಹೊಟ್ಟೆ ಹಾಳಾಗಿ ಹೋಗ್ಲಿ, ಅದು ಕರಗೋವರೆಗೆ ತಡ್ಕೋತೀನಿ.”

ಹೆದರಿಕೆ ಅವನಿಗೂ ಇತ್ತು. ಅದನ್ನು ಒಬ್ಬನೇ ಹೊತ್ತುಕೊಂಡು ಬಂಕಿನಿಂದ ಬಂಕಿಗೆ ಅಲೆಯುತ್ತಿದ್ದ. ಕರುಣೆ ಬಂದದ್ದರಿಂದ ತಂಗಿಯ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

ಅವಳು ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದಳು. ಮೊದಲು ಸಂಗೀತ. ಆಮೇಲೆ ಒಂದು ಒತ್ತಿ, ಎರಡು ಒತ್ತಿ. ಎರಡು ಒತ್ತಿದರೆ ಮತ್ತೆ ಸಂಗೀತ. ಕೊನೆಗೊಬ್ಬಳು ಎತ್ತಿಕೊಂಡು, “ಡೇ ಕೇರ್ ಲೈನ್ ಬಿಜಿ ಇದೆ ಮೇಡಂ. ಲೂಸ್ ಮೋಷನ್ ತಾನೇ, ಹತ್ತಿರದ ಡಾಕ್ಟ್ರಿಗೆ ತೋರಿಸಿ” ಎಂದು ಇಟ್ಟೇಬಿಟ್ಟಳು. ತಾನೇ ದಿನವಿಡೀ ‘ಪೈಪ್ ರಿಪೇರಿಯವರು ಬರ್ತಾರೆ, ಕಾಯಿರಿ’ ಎಂದು ಹೇಳುವವಳು. ಆದರೆ ಅದು ನೀರು, ಇದು ಅಣ್ಣ. ಅವಳು ಮತ್ತೆ ಒತ್ತಿದಳು. ಮತ್ತೆ ಸಂಗೀತ.

ಫೋನು ಕಿವಿಗಿಟ್ಟುಕೊಂಡೇ ತಿರುಗಿ ನೋಡಿದರೆ ಹಾಸಿಗೆ ಖಾಲಿ. ಕೆಳಗೆ ಕಾರು ಹೊರಟ ಸದ್ದು. ಸಂಜೆಯ ಪಾಠಕ್ಕೆ ಹೊತ್ತಾಗಿತ್ತಂತೆ!

ಆ ಪಾಠ ಪಾರ್ಲರಿನವಳದೇ. ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ರೈಲ್ವೆ ಸೇತುವೆಯ ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ಗಾಡಿ ನಿಲ್ಲಿಸುವುದನ್ನು ಮೇಷ್ಟ್ರು ಹೇಳಿಕೊಡುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಮಾತು ತೊದಲಿತು. ನೋಡಿದರೆ ತಲೆ ಕಿಟಕಿಗೆ ವಾಲಿದೆ, ಹಣೆಯಲ್ಲಿ ತಣ್ಣನೆ ಬೆವರು. ಹಿಂದಿನ ಗಾಡಿಗಳವರು ಹಾರ್ನ್ ಬಾರಿಸಿ ಪ್ರಾಣ ತೆಗೆಯುತ್ತಿದ್ದಾರೆ. ಅವಳು ಕಣ್ಣುಮುಚ್ಚಿ ದೇವರನ್ನು ನೆನೆಯಬೇಕೆಂದುಕೊಂಡಳಂತೆ. ಕಣ್ಣು ಮುಚ್ಚಿದರೆ ರಸ್ತೆ ಕಾಣುವುದಿಲ್ಲವೆಂದು ಅದನ್ನು ಬಿಟ್ಟು, ಮೊದಲ ಗೇರಿನಲ್ಲೇ ಕಾರನ್ನು ಗೊರಗೊರ ಅನ್ನಿಸಿಕೊಂಡು ಸೇತುವೆಯಾಚೆಯ ನರ್ಸಿಂಗ್ ಹೋಮಿನವರೆಗೆ ತಂದಳು. ಗೇಟಿನ ಹತ್ತಿರ ಒಂದು ಹೂಕುಂಡ ಚೂರಾಯಿತು. “ಅದೊಂದು ಬಿಟ್ರೆ ಎಲ್ಲೂ ತಾಗಿಸಿಲ್ಲ” ಎಂದು ಅವಳು ತಂಗಿಗೆ ಎರಡು ಸಲ ಹೇಳಿದಳು.

ಪಾರ್ಲರಿನವಳು ಮೇಷ್ಟ್ರ ಫೋನಿನಿಂದಲೇ ಸುದ್ದಿ ಮುಟ್ಟಿಸಿ, ತಂಗಿ ಆಟೋ ಹಿಡಿದು ಬರುವಷ್ಟರಲ್ಲಿ ಅಣ್ಣನಿಗೆ ಸಲೈನ್ ಹಾಕಿದ್ದರು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವನು. ಬೆಳಗಿನಿಂದ ಕೂತೇ ಇಲ್ಲವೇನೋ ಅನ್ನುವ ಹಾಗೆ ಮೇಜಿಗೆ ಸೊಂಟ ಆನಿಸಿ ನಿಂತಿದ್ದ.

“ಭೇದಿಯಿಂದ ನೀರು ಕಮ್ಮಿಯಾಗಿದೆ. ಬಿಪಿ ಬಿದ್ದಿದೆ. ಎರಡು ಬಾಟಲಿ ಹಾಕಿ, ಆಂಟಿಬಯಾಟಿಕ್ ಕೊಟ್ಟು ಕಳಿಸ್ತೀವಿ.”

“ಡಾಕ್ಟ್ರೇ, ಅವರಿಗೆ ಕ್ಯಾನ್ಸರ್ ಇದೆ.”

“ಓ. ಕೀಮೋ ಆಗ್ತಿದೆಯಾ?”

“ಕೀಮೋ ಅಲ್ಲ. ಇಮ್ಯುನೊಥೆರಪಿ.”

“ಹಾಗಾದ್ರೆ ಅದರಿಂದ ಇರಲಿಕ್ಕಿಲ್ಲ. ಅದು ಮೈಗೆ ಅಷ್ಟು ತೊಂದ್ರೆ ಕೊಡಲ್ಲ. ಎರಡು ದಿನದಿಂದ ಅಂತಿದಾರೆ, ಊಟದ್ದೇ ಇರಬೇಕು.”

“ಎರಡು ದಿನ ಅಲ್ಲ!”

“ಮತ್ತೆ ಎಷ್ಟು ದಿನ?”

ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ರಕ್ತ ಹೋಗುತ್ತಿದೆಯೇ, ಜ್ವರವಿತ್ತೇ ಎಂದು ಡಾಕ್ಟರ್ ಒಂದೊಂದಾಗಿ ಕೇಳಿದ. ಒಂದೂ ಅವಳಿಗೆ ಗೊತ್ತಿಲ್ಲ. ಅಣ್ಣ ಕಣ್ಣುಮುಚ್ಚಿ ಮಲಗಿದ್ದ. ನಿದ್ದೆ ಬಂದಿಲ್ಲವೆಂದು ರೆಪ್ಪೆ ಅದುರುವುದರಿಂದಲೇ ತಿಳಿಯುತ್ತಿತ್ತು. ಇಷ್ಟು ವರ್ಷವೂ ಅವನ ಪರವಾಗಿ ಮಾತಾಡಿದವಳು ಅವಳೇ. ಡಾಕ್ಟರ ಹತ್ತಿರ, ಮೆಡಿಕಲ್ ಶಾಪಿನವರ ಹತ್ತಿರ, ನೆಂಟರ ಹತ್ತಿರ. ಇವತ್ತು ಮಾತಾಡಲು ಏನೂ ಉಳಿದಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕುಸಿದಳು. ಅಳಬಾರದೆಂದುಕೊಂಡರೂ ಅಳು ಬಂದೇಬಿಟ್ಟಿತು.

“ನಂಗೆ ಸಾಕಾಯ್ತಣ್ಣ. ಇನ್ನು ನಾನು ಒಂದು ಮಾತೂ ಆಡಲ್ಲ. ಹೊಟ್ಟೆ ನಿಂದು, ಬಾಯಿ ನಿಂದು. ಹೇಳೋದಾದ್ರೆ ನೀನೇ ಹೇಳು. ಇಲ್ದಿದ್ರೆ ಎರಡು ಬಾಟಲಿ ಮುಗಿಸ್ಕೊಂಡು ಮನೆಗೆ ಹೋಗೋಣ.”

ಡಾಕ್ಟರ್ ಅತ್ತ ತಿರುಗಬೇಕು ಅನ್ನುವಾಗ ಅಣ್ಣ ಕಣ್ಣು ಬಿಟ್ಟ.

“ಎರಡು ದಿನ ಅಂದಿದ್ದು ಸುಳ್ಳು ಡಾಕ್ಟ್ರೇ. ಮೂರು ವಾರದ ಮೇಲಾಯ್ತು. ದಿನಕ್ಕೆ ಎಂಟ್ಹತ್ತು ಸಲ ಆಗುತ್ತೆ. ರಾತ್ರೀನೂ ಬಿಡಲ್ಲ. ಈ ವಾರದಿಂದ ರಕ್ತಾನೂ ಬೀಳ್ತಿದೆ. ಹೊಟ್ಟೆ ಹಿಂಡಿದ ಹಾಗಾಗುತ್ತೆ. ಒಂದೇ ಕಿಡ್ನಿ ಇರೋದು, ಅದನ್ನೂ ಬರ್ಕೊಳಿ.” ಸೂಜಿಯಿಲ್ಲದ ಕೈಯಿಂದ ಪ್ಯಾಂಟಿನ ಹಿಂದಿನ ಜೇಬು ತಡಕಿ ಪರ್ಸು ತೆಗೆದ. ಲೈಸೆನ್ಸಿನ ಹಿಂದೆ ಆ ಕಾರ್ಡು ಇತ್ತು. “ಇದನ್ನ ತೋರಿಸು ಅಂದಿದ್ರು. ತೋರಿಸ್ಲಿಲ್ಲ.”

ಡಾಕ್ಟರ್ ಕಾರ್ಡನ್ನು ಓದಿದ. ಮುಖ ಗಂಭೀರವಾಯಿತು. “ಮೊದಲೇ ಹೇಳಿದ್ರೆ ಒಳ್ಳೇದಿತ್ತು ಸರ್” ಅಂದವನು ಬೇರೇನೂ ಅನ್ನದೆ ಕಾರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದ. ಡಾಕ್ಟರುಗಳಿಗೆಂದೇ ಕೊಟ್ಟ ಆ ನಂಬರನ್ನು ಆ ಕಡೆ ಯಾರೋ ಬೇಗನೆ ಎತ್ತಿಕೊಂಡರು. ಕತ್ತಲಾಗುವ ಮೊದಲೇ ಆಂಬುಲೆನ್ಸಿನಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿ ಸೋಂಕಿಲ್ಲವೆಂದು ಖಚಿತ ಮಾಡಿಕೊಳ್ಳಲು ಮಲ ಪರೀಕ್ಷೆಯಾಯಿತು, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ದಾಯಿತು. ದೊಡ್ಡ ಕರುಳಿನ ಉದ್ದಕ್ಕೂ ಹುಣ್ಣಾಗಿ ಕೆಂಪೇರಿತ್ತು. ನರ್ಸ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಅವನ ಮೈಯ ಕಾವಲಿನವರೇ ಅವನ ಕರುಳಿಗೆ ನುಗ್ಗಿದ್ದರು. ಅವರನ್ನು ಹಿಂದಕ್ಕೆ ಕರೆಸಲು ಹೆಚ್ಚು ಪ್ರಮಾಣದ ಸ್ಟೆರಾಯ್ಡನ್ನು ರಕ್ತನಾಳಕ್ಕೇ ಕೊಟ್ಟರು. ಅದೊಂದರಿಂದಲೇ ಹತೋಟಿಗೆ ಬರಲಿಲ್ಲ, ಇನ್ನೊಂದು ಔಷಧಿಯನ್ನೂ ಸೇರಿಸಬೇಕಾಯಿತು. ಭೇದಿ ಮೆಲ್ಲನೆ ಹಿಡಿತಕ್ಕೆ ಬಂತು.

ಡಾಕ್ಟರಮ್ಮ ಬಂದಾಗ ತಂಗಿ ಎದ್ದು ನಿಂತಳು. “ಅಣ್ಣಂಗೆ ಚೆನ್ನಾಗಿ ಬೈಯಿರಿ ಡಾಕ್ಟ್ರೇ.”

“ಬೈದ್ರೆ ಕರುಳು ವಾಸಿ ಆಗುತ್ತಾ?”

“ಹಾಗಾದ್ರೆ ನಿಮ್ಮ ಫೋನಿನವರಿಗಾದ್ರೂ ಬೈಯಿರಿ. ಹತ್ತಿರದ ಡಾಕ್ಟ್ರಿಗೆ ತೋರಿಸಿ ಅಂತ ಇಟ್ಟೇಬಿಟ್ರು.”

ಡಾಕ್ಟರಮ್ಮ ಮುಖ ಚಿಕ್ಕದು ಮಾಡಿಕೊಂಡರು. “ಅದು ನಮ್ಮ ಕಡೆಯ ತಪ್ಪೇ. ಹಾಗೆ ಹೇಳಬಾರದಿತ್ತು. ನಾನು ವಿಚಾರಿಸ್ತೀನಿ.” ಆಮೇಲೆ ಕುರ್ಚಿ ಎಳೆದುಕೊಂಡು ಅಣ್ಣನ ಪಕ್ಕ ಕೂತರು. “ನಿಮ್ಮ ಔಷಧಿ ನಿಲ್ಲಿಸ್ತಿದೀನಿ.”

“ಗೊತ್ತಿತ್ತು” ಎಂದ ಅಣ್ಣ.

“ಏನು ಗೊತ್ತಿತ್ತು? ಮೊದಲ ವಾರದಲ್ಲೇ ಹೇಳಿದ್ರೆ ಬಹುಶಃ ಮಾತ್ರೆಯಲ್ಲೇ ತಹಬದಿಗೆ ತರಬಹುದಿತ್ತು. ಸ್ವಲ್ಪ ದಿನ ತಡೆದು, ಮತ್ತೆ ಶುರುಮಾಡೋ ಅವಕಾಶಾನೂ ಇರ್ತಿತ್ತು. ಈಗ ಕರುಳು ಇಷ್ಟು ಹದಗೆಟ್ಟ ಮೇಲೆ ಮತ್ತೆ ಕೊಡೋದು ಅಪಾಯ. ಕೊಡ್ತೀನಿ ಅಂತ ಮಾತು ಕೊಡಲಾರೆ.”

ಏನನ್ನು ಕಳೆದುಕೊಳ್ಳಬಾರದೆಂದು ಅವನು ಇಷ್ಟೆಲ್ಲ ಮುಚ್ಚಿಟ್ಟನೋ, ಮುಚ್ಚಿಟ್ಟದ್ದರಿಂದಲೇ ಅದನ್ನು ಕಳೆದುಕೊಂಡಿದ್ದ.

“ಅಂದ್ರೆ ಚುಕ್ಕೆಗಳು ಮತ್ತೆ ಬರ್ತವಾ?” ಎಂದು ತಂಗಿಯೇ ಕೇಳಿದಳು.

“ಹಾಗೇನಿಲ್ಲ. ಎಷ್ಟೋ ಜನಕ್ಕೆ ಔಷಧಿ ನಿಲ್ಲಿಸಿದ ಮೇಲೂ ಅದರ ಕೆಲಸ ಮುಂದುವರಿಯುತ್ತೆ. ಎಲ್ಲರಿಗೂ ಹಾಗಾಗುತ್ತೆ ಅಂತ ಹೇಳಕ್ಕಾಗಲ್ಲ. ಸ್ಕ್ಯಾನ್ ಮಾಡ್ತಾ ನೋಡ್ತಾ ಇರೋಣ. ಬೆಳೆದ್ರೆ ಬೇರೆ ಔಷಧಿಗಳೂ ಇವೆ.”

ಮಧ್ಯಾಹ್ನ ಹಿರಿಯ ನರ್ಸ್ ಸಲೈನ್ ಬದಲಿಸಲು ಬಂದಾಗ, ಅಣ್ಣ ಸುಮ್ಮನಿರಲಾರದೆ ಕನ್ನಡಕದ ಅಂಗಡಿಯವರ ಸುದ್ದಿ ತೆಗೆದ. ಪಾಪ, ಒಳ್ಳೆಯ ಮನುಷ್ಯರು, ಯಾವಾಗ ಹೋದರು ಎಂದು ಕೇಳಿದ.

“ಹೋಗೋದೆಲ್ಲಿಗೆ? ನಿನ್ನೇನೇ ಇಲ್ಲಿ ಕೂತು ನಮ್ಮ ತಲೆ ತಿಂದು ಹೋದ್ರು. ಔಷಧಿ ಮತ್ತೆ ಶುರುವಾಯ್ತಲ್ಲ, ಅಂಗಡಿ ರಜದ ದಿನ ಬರ್ತೀನಿ ಅಂತ ವಾರ ಬದಲಾಯಿಸ್ಕೊಂಡಿದಾರೆ.” ಹೇಳಬಾರದ್ದನ್ನು ಹೇಳಿದೆನೇನೋ ಅನ್ನಿಸಿ ನರ್ಸ್ ಸರಸರನೆ ಹೊರಟುಹೋದರು.

ತಂಗಿ ಅಣ್ಣನ ಕಡೆ ನೋಡಿದಳು. ಅವನು ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದ. ಇವಳಿಗೆ ದಿಂಬನ್ನು ಎತ್ತಿ ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಒಂದು ಖಾಲಿ ಕುರ್ಚಿ ನೋಡಿ ಇಷ್ಟು ದೊಡ್ಡ ಕಥೆ ಕಟ್ಟಿಕೊಂಡನಲ್ಲ! ಒಂದು ಮಾತು ಕೇಳಿದ್ದರೆ ಸಾಕಿತ್ತು. ನರ್ಸನ್ನೋ, ಡಾಕ್ಟರಮ್ಮನನ್ನೋ, ಕೊನೆಗೆ ತನ್ನನ್ನೋ.

“ಏನಾದ್ರೂ ಅನ್ನೇ” ಎಂದ ಅಣ್ಣ.

“ಏನೂ ಇಲ್ಲ. ಮಲ್ಕೋ.”

ಮನೆಗೆ ಬಂದ ಮೇಲೂ ಸ್ಟೆರಾಯ್ಡ್ ಮಾತ್ರೆ ಮುಂದುವರಿಯಿತು. ವಾರ ವಾರಕ್ಕೂ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ತಟ್ಟನೆ ನಿಲ್ಲಿಸುವಂತಿಲ್ಲ ಎಂದು ಕಟ್ಟಪ್ಪಣೆಯಾಗಿತ್ತು. ಅಣ್ಣನ ಮುಖ ಊದಿಕೊಂಡು ದುಂಡಗಾಯಿತು. ನಿದ್ದೆ ಹಾರಿತು. ಕಂಡಾಪಟ್ಟೆ ಹಸಿವು. ಸಣ್ಣದಕ್ಕೂ ರೇಗುವನು. ಅವನು ರೇಗಿದರೆ ಅವಳೂ ರೇಗುವಳು. ಗಂಡ ಪೇಪರು ಹಿಡಿದು ಬಾಲ್ಕನಿಗೆ ಹೋಗಿ ಕೂರುವನು. ಭೇದಿ ನಿಂತಿತಲ್ಲ, ಇನ್ನು ಮಾತ್ರೆ ಯಾಕೆ ಎಂದು ಅಣ್ಣ ಒಂದು ಬೆಳಿಗ್ಗೆ ರಾಗ ತೆಗೆದಾಗ ಮನೆಯಲ್ಲಿ ನಡೆದ ಜಗಳ ಬೀದಿಯ ಕೊನೆಗೂ ಕೇಳಿಸಿತು. ಪಾರ್ಲರಿನವಳು ಬೇರೆ ಮೇಷ್ಟ್ರ ಹತ್ತಿರ ಉಳಿದ ಪಾಠ ಮುಗಿಸಿ ಲೈಸೆನ್ಸ್ ತೆಗೆದುಕೊಂಡಳು.

ಮುಂದಿನ ಸ್ಕ್ಯಾನಿನ ಫಲಿತಾಂಶ ಕೇಳಲು ಇಬ್ಬರೂ ಬಸ್ಸಿನಲ್ಲಿ ಹೋದರು. ಚುಕ್ಕೆಗಳು ಬೆಳೆದಿರಲಿಲ್ಲ, ಕರಗಿಯೂ ಇರಲಿಲ್ಲ. ಹೇಗಿದ್ದವೋ ಹಾಗೇ ಇದ್ದವು. “ಇದು ಒಳ್ಳೇ ಸುದ್ದಿ” ಎಂದರು ಡಾಕ್ಟರಮ್ಮ. ಅಣ್ಣನಿಗೆ ಅಷ್ಟು ಒಳ್ಳೆಯದೆನಿಸಲಿಲ್ಲ. ಪೂರ್ತಿ ಕರಗುತ್ತಿತ್ತೇನೋ ಅನ್ನುವ ಕೊರಗು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ತಂಗಿಗೂ ಅದೇ ಕೊರಗು.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅಣ್ಣ ಕಂಬಿ ಹಿಡಿದು ನಿಂತ.

“ಮೊಣಕಾಲು ಕಣೇ. ಎರಡೂ. ನಿನ್ನೆಯಿಂದ ಬಿಗಿ ಹಿಡಿದಿದೆ. ಬೆಳಿಗ್ಗೆ ಎದ್ದಾಗ ಊದಿತ್ತು.”

“ಒಳಗೆ ಡಾಕ್ಟ್ರೆದುರು ಕೂತಾಗ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ಔಷಧಿ ನಿಲ್ಲಿಸಿ ಎಷ್ಟೋ ದಿನ ಆಯ್ತಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ. ಸ್ಕ್ಯಾನ್ ಚೆನ್ನಾಗಿದೆ ಅಂತಿದ್ರು, ನಡುವೆ ಇದೆಲ್ಲಿ…”

ತಂಗಿ ಕಣ್ಣುಮುಚ್ಚಿ ಉಸಿರು ಬಿಟ್ಟಳು. ನಿಲ್ಲಿಸಿದ ಮೇಲೂ ಬರಬಹುದೆಂದು ಎಷ್ಟು ಸಲ ಹೇಳಿಸಿಕೊಂಡಿದ್ದರು! ಆದರೂ ಈ ಸಲ ಇವನು ಹೇಳಿದ್ದ. ತಡವಾಗಿ, ತಪ್ಪು ಜಾಗದಲ್ಲಿ, ಆದರೆ ತಾನಾಗಿಯೇ ಹೇಳಿದ್ದ. ಅದನ್ನು ಮೆಚ್ಚಿಕೊಳ್ಳುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

“ನಡಿ ಮೇಲೆ.”

“ಬಸ್ ಬಂತು ನೋಡು. ಇದು ಹೋದ್ರೆ ಇನ್ನು ಯಾವಾಗಲೋ.”

“ಹೋಗ್ಲಿ ಬಿಡು” ಎಂದು ಅವಳು ಅವನ ತೋಳು ಹಿಡಿದಳು. ಅವನು ಗೊಣಗುತ್ತ ತಿರುಗಿದ. ಒಂದೊಂದೇ ಮೆಟ್ಟಿಲು, ಮೊಣಕಾಲು ಎಲ್ಲಿ ನೋಯುತ್ತದೆಂದು ಹೇಳುತ್ತ ಅವನು, ಹೂಂಗುಟ್ಟುತ್ತ ಅವಳು, ಇಬ್ಬರೂ ಮತ್ತೆ ಒಳಗೆ ಹೋದರು.